ಯಾವ ವರ್ಷದ ಕಾನೂನು, ಯಾವ ಪುಸ್ತಕ?

ಪುಣೆಯ ವಾಕಡದಲ್ಲಿ, ಡಾಂಗೆ ಚೌಕ, ಭೂಮಕರ ಚೌಕದ ಆಸುಪಾಸಿನ ಪಿಜಿಗಳಲ್ಲಿ ಕನ್ನಡ ಮಾತು ಹೊಸದೇನಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆ ಬಿಕಾಂ ಮುಗಿಸಿದವರಿಗೆ ಬೆಂಗಳೂರಿನಷ್ಟೇ ಪುಣೆಯೂ ಪರಿಚಿತ. ವಾಕಡಕ್ಕೆ ಹಿಂಜವಡಿಯ ಐಟಿ ಪಾರ್ಕ್ ಹತ್ತಿರ. ಊರಿಗೆ ಹೋಗುವ ರಾತ್ರಿ ಬಸ್ಸುಗಳೂ ಇಲ್ಲೇ ಹೆದ್ದಾರಿಯ ಮೇಲೆ ಸಿಗುತ್ತವೆ. ಹೀಗೆ ಬಂದವರಲ್ಲಿ ಅಮೆರಿಕದ ತೆರಿಗೆದಾರರ ರಿಟರ್ನ್‌ಗಳನ್ನು ಇಲ್ಲಿ ಕುಳಿತು ತಯಾರಿಸುವವರೂ ಇದ್ದಾರೆ. ಒಂದೆರಡು ಸೀಸನ್ ಆ ಕೆಲಸ ಮಾಡಿ ಕೈ ಪಳಗಿದ ಮೇಲೆ ಅವರ ತಲೆಯಲ್ಲಿ ಓಡುವುದು ಇಎ, ಅಂದರೆ ಎನ್‌ರೋಲ್ಡ್ ಏಜೆಂಟ್ ಪರೀಕ್ಷೆ. ಅದರ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಒಂದೇ: ‘ಯಾವ ಪುಸ್ತಕ ತೊಗೊಳ್ಳಲಿ ಸರ?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಂಪನಿಯ ಹೆಸರು ಕೇಳುವ ಮೊದಲು ಇನ್ನೊಂದನ್ನು ಕೇಳಬೇಕು: ಈ ಪುಸ್ತಕದಲ್ಲಿರುವುದು ಯಾವ ವರ್ಷದ ಕಾನೂನು? ತೆರಿಗೆ ಪರೀಕ್ಷೆಯ ಓದಿಗೂ ಉಳಿದ ಪರೀಕ್ಷೆಗಳ ಓದಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಲೆಕ್ಕಶಾಸ್ತ್ರದ ಹಳೆಯ ಪುಸ್ತಕ ಹತ್ತು ವರ್ಷದ ನಂತರವೂ ಉಪಯೋಗಕ್ಕೆ ಬರುತ್ತದೆ. ತೆರಿಗೆಯ ಹಳೆಯ ಪುಸ್ತಕ ಉಪಯೋಗಕ್ಕೆ ಬಾರದಿರುವುದಷ್ಟೇ ಅಲ್ಲ, ತಪ್ಪು ಉತ್ತರವನ್ನು ಧೈರ್ಯವಾಗಿ ಬರೆಯುವುದನ್ನು ಕಲಿಸುತ್ತದೆ.

ಪರೀಕ್ಷೆಯ ಸ್ವರೂಪ

ಎನ್‌ರೋಲ್ಡ್ ಏಜೆಂಟ್ ಎಂಬುದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ ಪರವಾನಗಿ. ಈ ವೃತ್ತಿಯ ಬೇರು 1884ರ ಕಾನೂನೊಂದರಲ್ಲಿದೆ. ಇಲಾಖೆಯ ಮುಂದೆ ತೆರಿಗೆದಾರರ ಪರವಾಗಿ ನಿಲ್ಲುವ ಹಕ್ಕು ಅಲ್ಲಿನ ವಕೀಲರಿಗೆ, ಲೆಕ್ಕ ಪರಿಶೋಧಕರಾದ ಸಿಪಿಎಗಳಿಗೆ ಇರುವಂತೆಯೇ ಇವರಿಗೂ ಇದೆ. ಪರೀಕ್ಷೆಗೆ ಇಂಥದೇ ಪದವಿ ಬೇಕೆಂಬ ನಿಯಮವಿಲ್ಲ. ಪಿಟಿಐಎನ್ ಎಂಬ ಗುರುತು ಸಂಖ್ಯೆ ಪಡೆಯಬೇಕು, ಮೂರು ಭಾಗಗಳ ಪರೀಕ್ಷೆ ಪಾಸಾಗಬೇಕು, ಬಳಿಕ ತೆರಿಗೆ ಬಾಕಿ ಮತ್ತು ಅಪರಾಧ ಹಿನ್ನೆಲೆಯ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಸಣ್ಣ ಊರಿನ ಕಾಲೇಜಿನಲ್ಲಿ ಓದಿ ಬಂದವರಿಗೆ ಈ ಬಾಗಿಲು ತೆರೆದಿರುವುದು ದೊಡ್ಡ ಸಂಗತಿ. ಒಂದು ಮಾತು ಮಾತ್ರ ಸ್ಪಷ್ಟವಿರಲಿ: ಈ ಪರವಾನಗಿ ಭಾರತದ ಆದಾಯ ತೆರಿಗೆ ಇಲಾಖೆಯ ಮುಂದೆ ಯಾವ ಹಕ್ಕನ್ನೂ ಕೊಡುವುದಿಲ್ಲ.

ಇಲಾಖೆ ಗೊತ್ತುಮಾಡಿದ ಸಂಸ್ಥೆಯೊಂದು ಈ ಪರೀಕ್ಷೆ ನಡೆಸುತ್ತದೆ, ಭಾರತದಲ್ಲೂ ಕೇಂದ್ರಗಳಿವೆ. ಮೊದಲ ಭಾಗ ವ್ಯಕ್ತಿಗಳ ತೆರಿಗೆ, ಎರಡನೆಯದು ವ್ಯಾಪಾರ-ವ್ಯವಹಾರಗಳ ತೆರಿಗೆ, ಮೂರನೆಯದು ಇಲಾಖೆಯ ಮುಂದಿನ ಪ್ರಾತಿನಿಧ್ಯ, ವೃತ್ತಿ ನಿಯಮ, ಕಾರ್ಯವಿಧಾನ. ಪ್ರತಿ ಭಾಗಕ್ಕೂ ಬಹು ಆಯ್ಕೆಯ 100 ಪ್ರಶ್ನೆ, ಮೂರೂವರೆ ಗಂಟೆ. ಆ ನೂರರಲ್ಲಿ 15 ಪ್ರಶ್ನೆಗಳನ್ನು ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಿ ನೋಡಲು ಹಾಕಿರುತ್ತಾರೆ. ಅವಕ್ಕೆ ಅಂಕವಿಲ್ಲ, ಯಾವುವೆಂದು ಬರೆಯುವವರಿಗೆ ತಿಳಿಯುವುದೂ ಇಲ್ಲ. ಫಲಿತಾಂಶ 40ರಿಂದ 130ರ ಅಳತೆಯಲ್ಲಿರುತ್ತದೆ, ಪಾಸಾಗಲು 105 ಬೇಕು. ಒಂದು ಭಾಗ ಪಾಸಾದರೆ ಆ ದಿನದಿಂದ ಮೂರು ವರ್ಷದೊಳಗೆ ಉಳಿದವನ್ನು ಮುಗಿಸಬೇಕು. ಶುಲ್ಕ ಒಂದೊಂದು ಭಾಗಕ್ಕೂ 250 ಡಾಲರ್‌ಗಿಂತ ಹೆಚ್ಚು, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ. ಪಿಜಿ ಬಾಡಿಗೆ ಕಟ್ಟಿ, ಮನೆಗೆ ದುಡ್ಡು ಕಳಿಸಿ ಉಳಿಸಿದ ಹಣ ಅದು. ತಪ್ಪು ಪುಸ್ತಕ ಹಿಡಿದು ಒಂದು ಭಾಗ ಕೈತಪ್ಪಿದರೆ ಪುಸ್ತಕದಲ್ಲಿ ಉಳಿಸಿದ್ದು ಶುಲ್ಕದಲ್ಲಿ ಹೋಗುತ್ತದೆ.

ಮುಖಪುಟದ ವರ್ಷ ನಂಬಬೇಡಿ

ಪರೀಕ್ಷೆಯ ಅವಧಿ ಪ್ರತಿ ವರ್ಷ ಮೇ 1ಕ್ಕೆ ಆರಂಭವಾಗಿ ಮರುವರ್ಷದ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಪರೀಕ್ಷೆ ಇರುವುದಿಲ್ಲ. ಪ್ರಶ್ನೆಗಳನ್ನು ಹೊಸ ಕಾನೂನಿಗೆ ಹೊಂದಿಸುವ ಕಾಲ ಅದು. ಒಂದು ಅವಧಿಯ ಪ್ರಶ್ನೆಗಳೆಲ್ಲ ಹಿಂದಿನ ಡಿಸೆಂಬರ್ 31ರವರೆಗೆ ತಿದ್ದುಪಡಿಯಾದ ಕಾನೂನಿನ ಮೇಲೆ ನಿಂತಿರುತ್ತವೆ. ಈ ಪದ್ಧತಿಯಂತೆ 2026ರ ಮೇಯಿಂದ 2027ರ ಫೆಬ್ರವರಿಯೊಳಗೆ ಬರೆಯುವವರು ಓದಬೇಕಾದದ್ದು 2025ರ ಕಾನೂನು.

ಇಲ್ಲಿ ಎಡವುವವರು ಬಹಳ. ‘2025–2026’ ಎಂದು ಮುಖಪುಟದಲ್ಲಿ ಅಚ್ಚಾದ ಪುಸ್ತಕ 2025ರ ಮೇಯಿಂದ 2026ರ ಫೆಬ್ರವರಿವರೆಗಿನ ಪರೀಕ್ಷೆಗೆ ಬರೆದದ್ದು. ಅದರೊಳಗಿರುವುದು 2024ರ ಕಾನೂನು. ಆದ್ದರಿಂದ ಮುಖಪುಟ ಬಿಟ್ಟು ಒಳಗಿನ ಮೊದಲ ಪುಟಗಳನ್ನು ತೆರೆದು ನೋಡಿ. ಯಾವ ಡಿಸೆಂಬರ್ 31ರವರೆಗಿನ ಕಾನೂನು, ಯಾವ ಅವಧಿಯ ಪರೀಕ್ಷೆ ಎಂಬುದನ್ನು ಪ್ರಾಮಾಣಿಕ ಪ್ರಕಾಶಕರು ಅಲ್ಲೇ ಬರೆದಿರುತ್ತಾರೆ. ಆ ಸಾಲು ಸಿಗದ ಪುಸ್ತಕವನ್ನು ಕೆಳಗಿಡುವುದು ಒಳ್ಳೆಯದು.

ವರ್ಷ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಪ್ರಶ್ನೆ ಕಟ್ಟಿ ನೋಡೋಣ. ಮದುವೆಯಾಗದ, 65 ವರ್ಷದೊಳಗಿನ ವ್ಯಕ್ತಿಗೆ 2025ರಲ್ಲಿ 60,000 ಡಾಲರ್ ಸಂಬಳ, ಬೇರೆ ಆದಾಯವಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆಗೆ ಒಳಪಡುವ ಆದಾಯ ಎಷ್ಟು? ನಾಲ್ಕು ಆಯ್ಕೆಗಳು: 45,400, 45,000, 44,250, 43,900. ನಾಲ್ಕೂ ಗಾಳಿಯಿಂದ ಹಿಡಿದ ಸಂಖ್ಯೆಗಳಲ್ಲ. ಈ ವರ್ಗದವರಿಗೆ 2024ರ ಸ್ಟ್ಯಾಂಡರ್ಡ್ ಡಿಡಕ್ಷನ್ 14,600 ಡಾಲರ್; ಅದನ್ನು ಕಳೆದರೆ ಮೊದಲ ಉತ್ತರ ಬರುತ್ತದೆ. 2025ಕ್ಕೆಂದು ಇಲಾಖೆ ಮೊದಲು ಪ್ರಕಟಿಸಿದ್ದು 15,000, ಅದು ಎರಡನೆಯದು. 2025ರ ಜುಲೈ 4ರಂದು ಸಹಿಯಾದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಕಾಯ್ದೆ ಅದನ್ನು ಇಡೀ 2025ಕ್ಕೆ ಅನ್ವಯಿಸುವಂತೆ 15,750ಕ್ಕೆ ಏರಿಸಿತು. ಅದು ಮೂರನೆಯದು, ಸರಿಯುತ್ತರ. 2026ರ ಮೊತ್ತ 16,100, ಅದು ನಾಲ್ಕನೆಯದು. ಒಂದೇ ಪ್ರಶ್ನೆಗೆ ನಾಲ್ಕು ಪುಸ್ತಕ ನಾಲ್ಕು ಉತ್ತರ ಹೇಳುತ್ತವೆ, ನಾಲ್ಕಕ್ಕೂ ಅದರದರ ಕಾಲದಲ್ಲಿ ಆಧಾರವಿತ್ತು. ಕಳೆಯುವ ಲೆಕ್ಕ ಎಷ್ಟೇ ಚೆನ್ನಾಗಿ ಬಂದರೂ ಪುಸ್ತಕದ ವರ್ಷ ತಪ್ಪಿದ್ದರೆ ಅಂಕ ಹೋಯಿತು.

ಕಚೇರಿಯಲ್ಲಿ ಈ ಕೆಲಸವನ್ನೇ ಮಾಡುವವರಿಗೆ ಇನ್ನೊಂದು ತೊಡಕಿದೆ. 2027ರ ಫೆಬ್ರವರಿಯಲ್ಲಿ ಪರೀಕ್ಷೆಗೆ ಕೂರುವವರು ಕಚೇರಿಯಲ್ಲಿ ಆಗ ತಯಾರಿಸುತ್ತಿರುವುದು 2026ರ ರಿಟರ್ನ್. ಪರೀಕ್ಷೆಯಲ್ಲಿ ಉತ್ತರಿಸಬೇಕಾದದ್ದು 2025ರ ಕಾನೂನಿಗೆ. ಕೈಗೆ ರೂಢಿಯಾದ ಅಂಕಿಯೇ ಕೈ ಕೊಡುವ ಸಂದರ್ಭ ಇದು. ಅಂಥವರು ಎರಡೂ ವರ್ಷಗಳ ಮುಖ್ಯ ಮಿತಿಗಳನ್ನು ಅಕ್ಕಪಕ್ಕ ಬರೆದ ಒಂದು ಹಾಳೆಯನ್ನು ತಾವೇ ಮಾಡಿಕೊಳ್ಳಬೇಕು; ಅದು ಯಾವ ಅಂಗಡಿಯಲ್ಲೂ ಸಿಗದ ಅಧ್ಯಯನ ಸಾಮಗ್ರಿ.

ಪುಣೆಯ ಅಪ್ಪಾ ಬಳವಂತ ಚೌಕ, ಬೆಂಗಳೂರಿನ ಅವೆನ್ಯೂ ರಸ್ತೆ ನಮ್ಮಂಥವರನ್ನು ಓದಿಸಿದ ಜಾಗಗಳು. ಅಲ್ಲಿ ಹಳೆಯ ಪುಸ್ತಕ ಕೊಂಡು ಪದವಿ ಪಡೆದವರು ಸಾವಿರಾರು ಮಂದಿ. ಆದರೆ ತೆರಿಗೆ ಪರವಾನಗಿ ಪರೀಕ್ಷೆಗೆ ಮಾತ್ರ ಆ ಉಳಿತಾಯ ಬೇಡ. ಮೂರನೇ ಭಾಗದಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗುವ ಮೊತ್ತಗಳು ಕಡಿಮೆ, ಆದ್ದರಿಂದ ಹಳೆಯ ಸಾಮಗ್ರಿಯಿಂದ ಆಗುವ ಹಾನಿಯೂ ಕಡಿಮೆ. ಮೊದಲೆರಡು ಭಾಗಗಳಿಗೆ ಹಳೆಯದನ್ನು ಮುಟ್ಟಲೇಬಾರದು.

ಮೂಲ ಪಠ್ಯ ಪುಕ್ಕಟೆ ಇದೆ

ಹಣ ಕೊಟ್ಟು ಕೊಳ್ಳುವ ಮೊದಲು ಪುಕ್ಕಟೆ ಸಿಗುವುದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಮೊದಲನೆಯದು, ಪರೀಕ್ಷೆ ನಡೆಸುವ ಸಂಸ್ಥೆ ಪ್ರಕಟಿಸುವ ಅಭ್ಯರ್ಥಿಗಳ ಮಾಹಿತಿ ಪುಸ್ತಿಕೆ. ಮೂರೂ ಭಾಗಗಳ ವಿಷಯಪಟ್ಟಿ, ಯಾವ ವಿಭಾಗದಿಂದ ಎಷ್ಟು ಪ್ರಶ್ನೆ ಎಂಬುದು ಅದರಲ್ಲಿದೆ. ಕೊಳ್ಳಬೇಕೆಂದಿರುವ ಪುಸ್ತಕದ ಪರಿವಿಡಿಯನ್ನು ಈ ಪಟ್ಟಿಯ ಪಕ್ಕ ಇಟ್ಟು ಒಂದೊಂದೇ ವಿಷಯಕ್ಕೆ ಗುರುತು ಹಾಕುತ್ತಾ ಹೋದರೆ ಏನು ಬಿಟ್ಟುಹೋಗಿದೆ ಎಂಬುದು ತಾನಾಗಿ ಕಾಣುತ್ತದೆ. ಎರಡನೇ ಭಾಗದಲ್ಲಿ ವ್ಯಾಪಾರ ತೆರಿಗೆ ರಿಟರ್ನ್ ತಯಾರಿಕೆಯ ವಿಭಾಗವೇ ದೊಡ್ಡದು. ಅದಕ್ಕೆ ನಾಲ್ಕಾರು ಪುಟ ಕೊಟ್ಟು ಮುಗಿಸಿದ ಪುಸ್ತಕ ಎಷ್ಟು ಚೆಂದ ಅಚ್ಚಾಗಿದ್ದರೂ ಪ್ರಯೋಜನವಿಲ್ಲ.

ಎರಡನೆಯದು, ಐಆರ್‌ಎಸ್‌ನ ಪಬ್ಲಿಕೇಶನ್‌ಗಳು. ವ್ಯಕ್ತಿಗಳ ತೆರಿಗೆಗೆ ಪಬ್ಲಿಕೇಶನ್ 17, ಸಣ್ಣ ವ್ಯಾಪಾರಕ್ಕೆ 334, ಪಾಲುದಾರಿಕೆಗೆ 541, ಕಂಪನಿಗಳಿಗೆ 542, ಸವಕಳಿಗೆ 946, ಪ್ರಾತಿನಿಧ್ಯಕ್ಕೆ 947. ಮೂರನೇ ಭಾಗದ ಬೆನ್ನೆಲುಬು ವೃತ್ತಿ ನಿಯಮಗಳ ಸರ್ಕ್ಯುಲರ್ 230. ಇವೆಲ್ಲ ಇಲಾಖೆಯ ಜಾಲತಾಣದಲ್ಲಿವೆ. ಹಿಂದಿನ ವರ್ಷಗಳ ಪ್ರತಿಗಳೂ ಅಲ್ಲೇ ಇರುವುದರಿಂದ ನಿಮ್ಮ ಪರೀಕ್ಷೆಗೆ ಬೇಕಾದ ವರ್ಷದ್ದನ್ನೇ ಇಳಿಸಿಕೊಳ್ಳಬೇಕು. ಖಾಸಗಿ ಪುಸ್ತಕ ಎಷ್ಟರ ಮಟ್ಟಿಗೆ ತಿದ್ದಿದ್ದು ಎಂದು ಪರೀಕ್ಷಿಸಲೂ ಇವು ನೆರವಾಗುತ್ತವೆ. ವ್ಯಾಪಾರ ವೆಚ್ಚಗಳ ಪಬ್ಲಿಕೇಶನ್ 535ನ್ನು 2022ರ ಆವೃತ್ತಿಯ ನಂತರ ಇಲಾಖೆ ನಿಲ್ಲಿಸಿದೆ. ಹೊಸದೆಂದು ಮಾರುವ ಪುಸ್ತಕ ಈಗಲೂ ‘ಇತ್ತೀಚಿನ ಪಬ್ಲಿಕೇಶನ್ 535 ನೋಡಿ’ ಎನ್ನುತ್ತಿದ್ದರೆ, ಆ ಅಧ್ಯಾಯವನ್ನು ಯಾರೂ ತಿದ್ದಿಲ್ಲ ಎಂದೇ ಅರ್ಥ.

ಹಾಗಾದರೆ ಖಾಸಗಿ ಸಾಮಗ್ರಿ ಬೇಡವೇ? ಬೇಕು. ಪಬ್ಲಿಕೇಶನ್‌ಗಳು ತೆರಿಗೆದಾರರಿಗಾಗಿ ಬರೆದವು, ಪರೀಕ್ಷಾರ್ಥಿಗಳಿಗಲ್ಲ. ನೂರಾರು ಪುಟ ಓದಿದರೂ ಪ್ರಶ್ನೆ ಹೇಗೆ ತಿರುಗಿ ಬರುತ್ತದೆ ಎಂಬುದು ಅವುಗಳಲ್ಲಿ ತಿಳಿಯದು. ಅದಕ್ಕೆ ಒಳ್ಳೆಯ ಪ್ರಶ್ನೆ ಬ್ಯಾಂಕ್ ಬೇಕು. ಗ್ಲೈಮ್ ತನ್ನ ದೊಡ್ಡ ಪ್ರಶ್ನೆ ಬ್ಯಾಂಕಿಗೆ, ಸರ್ಜೆಂಟ್ ನಿಮ್ಮ ದುರ್ಬಲ ವಿಷಯ ಗುರುತಿಸಿ ಅದನ್ನೇ ಹೆಚ್ಚು ಅಭ್ಯಾಸ ಮಾಡಿಸುವ ಸಾಫ್ಟ್‌ವೇರ್‌ಗೆ, ಪಾಸ್‌ಕೀ ಅಚ್ಚಿನ ಪುಸ್ತಕಗಳಿಗೆ ಹೆಸರಾದವು. ಯಾವುದು ಉತ್ತಮ ಎಂದು ಎಲ್ಲರಿಗೂ ಒಂದೇ ಉತ್ತರ ಹೇಳಲಾಗದು. ಕಚೇರಿಯ ಬಸ್ಸಿನಲ್ಲಿ ಫೋನ್ ಹಿಡಿದು ಇಪ್ಪತ್ತು ಪ್ರಶ್ನೆ ಬಿಡಿಸುವವರಿಗೆ ಒಂದು ಸರಿ, ರವಿವಾರ ಪೆನ್ಸಿಲ್ ಹಿಡಿದು ಕೂರುವವರಿಗೆ ಇನ್ನೊಂದು. ಆದರೆ ಒಂದನ್ನು ಆರಿಸಿದ ಮೇಲೆ ಅದನ್ನು ಪೂರ್ತಿ ಮುಗಿಸಬೇಕು. ಮೂರು ಬ್ಯಾಂಕ್ ಕೊಂಡು ಮೂರರಲ್ಲೂ ಸುಲಭದ ಅಧ್ಯಾಯಗಳನ್ನಷ್ಟೇ ಬಿಡಿಸಿದವರಿಗಿಂತ ಒಂದನ್ನೇ ಎರಡು ಸಲ ಮಾಡಿದವರು ಗಟ್ಟಿ.

ವಿವರಣೆ ಓದಿ ಆರಿಸಿ

ಪ್ರಶ್ನೆ ಬ್ಯಾಂಕಿನ ಗುಣ ಪ್ರಶ್ನೆಗಳ ಸಂಖ್ಯೆಯಲ್ಲಿಲ್ಲ, ಉತ್ತರದ ಕೆಳಗಿನ ವಿವರಣೆಯಲ್ಲಿದೆ. ಯಂತ್ರದ ಸವಕಳಿಯನ್ನೇ ತೆಗೆದುಕೊಳ್ಳಿ. 2025ರ ಜನವರಿ 19ರ ನಂತರ ಸ್ವಾಧೀನಪಡಿಸಿಕೊಂಡ ಅರ್ಹ ಆಸ್ತಿಗೆ ಬೋನಸ್ ಸವಕಳಿ, ಅಂದರೆ ಮೊದಲ ವರ್ಷವೇ ಕಳೆಯಬಹುದಾದ ಭಾಗ, ಶೇ 100. ಅದಕ್ಕೆ ಮೊದಲೇ ಸ್ವಾಧೀನಪಡಿಸಿಕೊಂಡು 2025ರಲ್ಲಿ ಬಳಕೆಗೆ ಇಟ್ಟದ್ದಕ್ಕೆ ಸಾಮಾನ್ಯವಾಗಿ ಶೇ 40. ಕಟ್ಟುಪಾಡಿನ ಲಿಖಿತ ಒಪ್ಪಂದವಿದ್ದರೆ ಒಪ್ಪಂದದ ದಿನವೇ ಸ್ವಾಧೀನದ ದಿನ. ಈಗ ಪ್ರಶ್ನೆ: ಜನವರಿ 10ಕ್ಕೆ ಒಪ್ಪಂದ, ಮಾರ್ಚ್‌ನಲ್ಲಿ ಯಂತ್ರ ಬಂದು ಓಡತೊಡಗಿತು. ಬೋನಸ್ ಎಷ್ಟು? ‘ಸರಿಯುತ್ತರ ಶೇ 40’ ಎಂದು ಮುಗಿಸುವ ಬ್ಯಾಂಕ್ ನಿಮಗೆ ಏನನ್ನೂ ಕಲಿಸಿಲ್ಲ. ಯಂತ್ರ ಬಂದ ತಿಂಗಳು ನೋಡಿ ಶೇ 100 ಎಂದವರು ಎಲ್ಲಿ ತಪ್ಪಿದರು, ಒಪ್ಪಂದದ ತಾರೀಖು ಯಾಕೆ ಮುಖ್ಯ, ಆ ತಾರೀಖು ಫೆಬ್ರವರಿಗೆ ಸರಿದರೆ ಉತ್ತರ ಹೇಗೆ ಬದಲಾಗುತ್ತದೆ ಎಂದು ಹೇಳುವ ಬ್ಯಾಂಕ್ ಮುಂದಿನ ಹತ್ತು ಪ್ರಶ್ನೆಗಳಿಗೆ ನಿಮ್ಮನ್ನು ಸಿದ್ಧಮಾಡುತ್ತದೆ.

ಆದ್ದರಿಂದ ಪ್ರಾಯೋಗಿಕ ಬಳಕೆಗೆ ಪುಕ್ಕಟೆ ಬಿಟ್ಟಿರುವ ಪ್ರಶ್ನೆಗಳನ್ನು ಮೊದಲು ತೆರೆಯಿರಿ. ಕಚೇರಿಯಲ್ಲಿ ಮಾಡಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ, ಚೂರೂ ಗೊತ್ತಿಲ್ಲದ ಇನ್ನೊಂದು ವಿಷಯ ಆರಿಸಿ. ಗೊತ್ತಿರುವುದರಲ್ಲಿ ವಿವರಣೆ ಸರಿಯಿದೆಯೇ ನೋಡಿ. ಗೊತ್ತಿಲ್ಲದ್ದರಲ್ಲಿ ವಿವರಣೆ ಓದಿದ ಮೇಲೆ ಅರ್ಥವಾಯಿತೇ ನೋಡಿ. ಎರಡೂ ಹೌದಾದರೆ ಆ ಸಾಮಗ್ರಿ ನಿಮ್ಮದು.

ಕೋಚಿಂಗ್ ಸೇರುವವರು ಇದೇ ಪ್ರಶ್ನೆಗಳನ್ನು ಅಲ್ಲೂ ಕೇಳಬೇಕು. ಸಾಮಗ್ರಿ ಯಾವ ವರ್ಷದ ಕಾನೂನಿನದು? ವಿಡಿಯೊ ಪಾಠಗಳನ್ನು ಹೊಸ ಕಾಯ್ದೆಯ ನಂತರ ಮತ್ತೆ ರೆಕಾರ್ಡ್ ಮಾಡಿದ್ದಾರೆಯೇ? ಪ್ರಶ್ನೆ ಬ್ಯಾಂಕಿನ ಪರವಾನಗಿ ನನ್ನ ಹೆಸರಿನಲ್ಲಿರುತ್ತದೆಯೇ? ಒಂದು ಭಾಗ ಉಳಿದು ಮುಂದಿನ ಮೇ ದಾಟಿದರೆ ಹೊಸ ವರ್ಷದ ಸಾಮಗ್ರಿ ಸಿಗುತ್ತದೆಯೇ? ‘ಪಾಸ್ ಗ್ಯಾರಂಟಿ’ ಎಂದರೆ ಷರತ್ತುಗಳೇನು? ಉತ್ತರಗಳನ್ನು ಬರಹದಲ್ಲಿ ಪಡೆದ ಮೇಲೆ ಹಣ ಕಟ್ಟಿ. ‘ಪರೀಕ್ಷೆಯಲ್ಲಿ ಬಂದ ನಿಜವಾದ ಪ್ರಶ್ನೆಗಳು’ ಎಂದು ಮಾರುವವರಿಂದ ದೂರವಿರಿ. ಈಗಿನ ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಬರೆಯುವವರು ಒಪ್ಪಿಕೊಂಡೇ ಒಳಗೆ ಕೂರುತ್ತಾರೆ. ಟೆಲಿಗ್ರಾಂನಲ್ಲಿ ಹರಿದಾಡುವ ಕದ್ದ ಪಿಡಿಎಫ್‌ಗಳ ವಿಷಯವೂ ಅಷ್ಟೇ. ಅವು ಯಾವ ವರ್ಷದವೆಂದು ಯಾರಿಗೂ ಗೊತ್ತಿಲ್ಲ, ತಿದ್ದುಪಡಿ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ವೃತ್ತಿ ನಿಷ್ಠೆಯ ನಿಯಮಗಳನ್ನು ಕಳುವಿನ ಪ್ರತಿಯಿಂದ ಓದಿ ಪರವಾನಗಿ ಪಡೆಯುವುದು ಆ ಪರವಾನಗಿಗೇ ಮಾಡುವ ಅಪಚಾರ.

ಯಾವಾಗ ಕೊಳ್ಳಬೇಕು ಎಂಬುದೂ ಆಯ್ಕೆಯ ಭಾಗವೇ. ಜನವರಿಯಿಂದ ಏಪ್ರಿಲ್ 15ರವರೆಗೆ ಈ ಕಚೇರಿಗಳಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಮುಂದೂಡಿದ ರಿಟರ್ನ್‌ಗಳ ಗಡುವು ಪಾಲುದಾರಿಕೆಗಳಿಗೆ ಸೆಪ್ಟೆಂಬರ್ 15, ವ್ಯಕ್ತಿಗಳಿಗೆ ಅಕ್ಟೋಬರ್ 15. ಓದಲು ಸಿಗುವುದು ಮೇಯಿಂದ ಆಗಸ್ಟ್, ಆಮೇಲೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮೇ ತಿಂಗಳಲ್ಲಿ ಕೊಂಡವರಿಗೆ ಈ ಎರಡೂ ಬಿಡುವು ಸಿಗುತ್ತವೆ. ಡಿಸೆಂಬರ್‌ನ ರಿಯಾಯಿತಿ ನೋಡಿ ಕೊಂಡವರಿಗೆ ಉಳಿಯುವುದು ಎರಡು ತಿಂಗಳು, ಅದೂ ಸೀಸನ್ನಿನ ಹೊರೆಯ ನಡುವೆ. ಪರೀಕ್ಷೆಯ ತಾರೀಖು ಕಾಯ್ದಿರಿಸದೆ ಆಗ ಕೊಳ್ಳುವುದು ಬೇಡ.

ಊರಿನಲ್ಲಿರುವವರಿಗೆ ಜಿಎಸ್‌ಟಿ

ಊರಲ್ಲೇ ಇದ್ದು ತೆರಿಗೆ ಸಲಹೆಗಾರರಾಗಬೇಕೆನ್ನುವವರಿಗೆ ನಮ್ಮದೇ ಪರೀಕ್ಷೆಯಿದೆ: ಜಿಎಸ್‌ಟಿ ಪ್ರಾಕ್ಟೀಷನರ್ ಪರೀಕ್ಷೆ. ಕೇಂದ್ರದ ನಾಸಿನ್ ಅಕಾಡೆಮಿ ನಡೆಸುವ ಈ ಪರೀಕ್ಷೆಯ ಮೊದಲ ಸುತ್ತು 2018ರ ಅಕ್ಟೋಬರ್ 31ರಂದು ನಡೆಯಿತು. ಎರಡೂವರೆ ಗಂಟೆ, 100 ಪ್ರಶ್ನೆ, 200 ಅಂಕ. ಪಾಸಾಗಲು 100 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪಠ್ಯದಲ್ಲಿ ಜಿಎಸ್‌ಟಿ ಕಾಯ್ದೆಗಳು, ನಿಯಮಗಳ ಜೊತೆಗೆ ಕಾಲಕಾಲಕ್ಕೆ ಹೊರಡುವ ಅಧಿಸೂಚನೆ, ಸುತ್ತೋಲೆ, ಆದೇಶಗಳೂ ಸೇರಿವೆ. 2025ರ ಸೆಪ್ಟೆಂಬರ್ 22ರಿಂದ ದರಗಳೇ ಬದಲಾಗಿ ಶೇ 5, ಶೇ 18 ಮುಖ್ಯವಾಗಿ ಉಳಿದಿರುವಾಗ, ಶೇ 12 ಮತ್ತು ಶೇ 28ರ ಉದಾಹರಣೆಗಳಿಂದ ತುಂಬಿದ ಪುಸ್ತಕದ ಗತಿ ಹೇಳಬೇಕಿಲ್ಲ. ಆದಾಯ ತೆರಿಗೆಯಲ್ಲೂ 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಸೆಕ್ಷನ್ ಸಂಖ್ಯೆಗಳೇ ಬೇರೆಯಾಗಿವೆ. ಇಲ್ಲೂ ಮೂಲ ಪಠ್ಯ ಪುಕ್ಕಟೆ: ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಕಾಯ್ದೆ, ನಿಯಮ, ಅಧಿಸೂಚನೆಗಳಿವೆ, ಲೆಕ್ಕ ಪರಿಶೋಧಕರ ಸಂಸ್ಥೆ ಐಸಿಎಐ ತನ್ನ ವಿದ್ಯಾರ್ಥಿಗಳಿಗೆ ಸಿದ್ಧಪಡಿಸುವ ಪಠ್ಯವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಜಿಎಸ್‌ಟಿ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಇಎ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹಿಂಜರಿಯಬೇಕಾಗಿಲ್ಲ. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡು ಕಾರಣಗಳನ್ನು ಕನ್ನಡದಲ್ಲಿ ಟಿಪ್ಪಣಿ ಮಾಡಿ. ಒಂದೇ ಪಿಜಿಯಲ್ಲಿರುವ ಇಬ್ಬರು ರವಿವಾರ ಬೆಳಗ್ಗೆ ಒಂದು ವಿಷಯವನ್ನು ಪರಸ್ಪರ ಕನ್ನಡದಲ್ಲಿ ವಿವರಿಸಿಕೊಂಡರೆ, ಯಾರಿಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಅಲ್ಲೇ ಬಯಲಾಗುತ್ತದೆ. ಪದ ಬಾಯಿಪಾಠ ಆಗಿದ್ದು ಸಂಗತಿ ತಿಳಿಯದಿದ್ದರೆ ಕನ್ನಡದಲ್ಲಿ ಹೇಳಲು ಬರುವುದಿಲ್ಲ.

ಪರವಾನಗಿ ಸಿಕ್ಕ ಮೇಲೂ ಓದು ನಿಲ್ಲುವುದಿಲ್ಲ. ಎನ್‌ರೋಲ್ಡ್ ಏಜೆಂಟ್‌ಗಳು ಮೂರು ವರ್ಷಕ್ಕೆ 72 ಗಂಟೆ, ವರ್ಷಕ್ಕೆ ಕನಿಷ್ಠ 16 ಗಂಟೆ ಮುಂದುವರಿದ ಶಿಕ್ಷಣ ಪಡೆಯಲೇಬೇಕು. ಆ ಹದಿನಾರರಲ್ಲಿ 2 ಗಂಟೆ ವೃತ್ತಿ ನೀತಿಗೆ ಮೀಸಲು. ಕಾನೂನು ಬದಲಾಗುತ್ತಲೇ ಇರುತ್ತದೆಂದು ಪರವಾನಗಿ ಕೊಡುವವರೇ ಒಪ್ಪಿಕೊಂಡು ಮಾಡಿದ ನಿಯಮ ಅದು. ಯಾರೋ ಮಾಡಿಕೊಟ್ಟ ಸಾರಾಂಶದಿಂದ ಪಾಸಾದವರು ಪ್ರತಿ ವರ್ಷ ಹೊಸ ಸಾರಾಂಶಕ್ಕಾಗಿ ಕಾಯಬೇಕು. ಪಬ್ಲಿಕೇಶನ್ ತೆರೆದು ತಾವೇ ಉತ್ತರ ಹುಡುಕಲು ಕಲಿತವರು ಯಾವ ವರ್ಷ ಬಂದರೂ ನಿಲ್ಲುತ್ತಾರೆ. ಅಧ್ಯಯನ ಸಾಮಗ್ರಿಯನ್ನು ಆರಿಸುವಾಗ ಕೊನೆಗೆ ಅಳೆಯಬೇಕಾದದ್ದು ಇದನ್ನೇ: ಇದು ನನ್ನನ್ನು ಮೂಲ ಕಾನೂನಿಗೆ ಕರೆದೊಯ್ಯುತ್ತದೆಯೇ, ಅಥವಾ ಅದರಿಂದ ದೂರ ಇಡುತ್ತದೆಯೇ?

ನಾಳೆ ನೀವು ಸಹಿ ಮಾಡುವ ರಿಟರ್ನಿನ ಮೇಲೆ ನಿಮ್ಮ ಪಿಟಿಐಎನ್ ಇರುತ್ತದೆ. ಹಳೆಯ ಮಿತಿ ಹಾಕಿ ತಪ್ಪಿದರೆ ಬಾಕಿ ತೆರಿಗೆ, ಬಡ್ಡಿ ಕಟ್ಟಬೇಕಾಗುವುದು ನೀವು ಮುಖವನ್ನೇ ನೋಡಿರದ ಒಬ್ಬ ದಾದಿ, ಒಬ್ಬ ಲಾರಿ ಚಾಲಕ, ಒಂದು ಸಣ್ಣ ಅಂಗಡಿಯ ಮಾಲೀಕ. ಅವರು ನಿಮ್ಮನ್ನು ನಂಬಿ ಕಾಗದ ಕೊಟ್ಟಿರುತ್ತಾರೆ. ಹಾಗಾಗಿ ಈ ವಾರ ಹಣ ಕಟ್ಟುವ ಮೊದಲು ಮೂರು ಕೆಲಸ ಮಾಡಿ: ಪರೀಕ್ಷೆಯ ವಿಷಯಪಟ್ಟಿ ಇಳಿಸಿಕೊಳ್ಳಿ, ಪಬ್ಲಿಕೇಶನ್ 17ರ ಒಂದು ಅಧ್ಯಾಯ ಓದಿ, ಕೊಳ್ಳಬೇಕೆಂದಿರುವ ಪ್ರಶ್ನೆ ಬ್ಯಾಂಕಿನಲ್ಲಿ ಅದೇ ವಿಷಯದ ಹತ್ತು ಪ್ರಶ್ನೆಗಳ ವಿವರಣೆಯನ್ನು ಅದರ ಜೊತೆ ತಾಳೆ ನೋಡಿ. ಎರಡೂ ಒಂದೇ ವರ್ಷದ ಕಾನೂನು ಹೇಳುತ್ತಿದ್ದರೆ ಧೈರ್ಯವಾಗಿ ಕೊಳ್ಳಿ.